ಕಣ್ಣಿನ ಹಿಂಗೋಡೆಯ ಫೋಟೋ

ಡಾಕ್ಟರರು ನನ್ನ ಸ್ಟುಡಿಯೋದ ಮೆಟ್ಟಿಲು ಹತ್ತಿ ಬಂದಾಗ ನಾನು ಒಬ್ಬ ಮದುಮಗನ ಮೂಗು ತಿದ್ದುತ್ತಿದ್ದೆ. ನೆಗೆಟಿವನ್ನು ಕಿಟಕಿಯ ಬೆಳಕಿಗೆ ಹಿಡಿದು, ಚೂಪು ಮಾಡಿದ ಪೆನ್ಸಿಲಿನಿಂದ ಮೂಗಿನ ಬದಿಯ ನೆರಳನ್ನು ಕೂದಲೆಳೆಯಷ್ಟು ತುಂಬುವ ಕೆಲಸ ಅದು. ಬಂಟ್ವಾಳ ಪೇಟೆಯಲ್ಲಿ ಅದನ್ನು ನನ್ನಷ್ಟು ಚೆನ್ನಾಗಿ ಮಾಡುವವರು ಆಗ ಇರಲಿಲ್ಲ. ಇದನ್ನು ನಾನೇ ಹೇಳಬೇಕಾಗಿ ಬಂದಿದೆ, ಯಾಕೆಂದರೆ ಬೇರೆ ಯಾರೂ ಬರೆದಿಡಲಿಲ್ಲ.

ಅರವತ್ತರ ದಶಕದ ನಡುವಿನ ಒಂದು ಆಟಿ ತಿಂಗಳು, ತುಳುನಾಡಿನ ಆಷಾಢ. ಮಳೆ ಹಿಡಿದು ಕೂತಿತ್ತು. ಡಾಕ್ಟರರು ಕೊಡೆಯನ್ನು ಬಾಗಿಲ ಹೊರಗೆ ಬಿಡಿಸಿಟ್ಟು ಒಳಗೆ ಬಂದರು. ಅವರು ಕಣ್ಣಿನ ಡಾಕ್ಟರರು, ಘಟ್ಟದ ಮೇಲಿನವರು, ತುಳು ಬಾರದು. ಬಂಟ್ವಾಳದಲ್ಲಿ ಅವರ ದವಾಖಾನೆ. ವಾರಕ್ಕೊಂದು ದಿನ ಮೂಡಬಿದಿರೆಗೂ ಇನ್ನೊಂದು ದಿನ ಬೆಳ್ತಂಗಡಿಗೂ ಬಸ್ಸಿನಲ್ಲಿ ಹೋಗಿ ರೋಗಿಗಳನ್ನು ನೋಡುತ್ತಿದ್ದರು.

"ಬದುಕಿರೋ ಮನುಷ್ಯನ ಕಣ್ಣಿನ ಫೋಟೋ ತೆಗೆಯೋಕೆ ಆಗುತ್ತಾ ನಿಮಗೆ?" ಎಂದು ಕೇಳಿದರು.

"ಸತ್ತವರದ್ದು ಬೇಕಾದ್ರೂ ತೆಗೀತೇನೆ. ಕಣ್ಣು ಎಂಥ ದೊಡ್ಡ ವಿಷಯ?"

"ಹೊರಗಿನದಲ್ಲ. ಒಳಗಿಂದು. ಕಣ್ಣುಗುಡ್ಡೆಯ ಹಿಂದಿನ ಗೋಡೆ."

ನಾನು ಪೆನ್ಸಿಲು ಕೆಳಗಿಟ್ಟೆ. ಆರನೆಯ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಕಲಿತವರು ಬಂದು ಏನಾದರೂ ಆಗುತ್ತದೆಯೇ ಎಂದು ಕೇಳಿದರೆ ಆಗುವುದಿಲ್ಲ ಎಂಬ ಮಾತು ನನ್ನ ಬಾಯಿಂದ ಹೊರಡುತ್ತಿರಲಿಲ್ಲ. "ನೋಡುವ" ಎಂದೆ. ಕಣ್ಣಿಗೆ ಹಿಂದೆ ಒಂದು ಗೋಡೆ ಇದೆ ಎಂಬುದೇ ನನಗೆ ಆವತ್ತಿನವರೆಗೆ ಗೊತ್ತಿರಲಿಲ್ಲ.

ಮೂಡಬಿದಿರೆಗೆ ಅವರು ಹೋಗುವ ದಿನ ನಾನೂ ಜೊತೆಗೆ ಬಸ್ಸು ಹತ್ತಿದೆ. ಪೇಟೆಯ ಒಂದು ಅಂಗಡಿಯ ಹಿಂಬದಿಯ ಕೋಣೆಯೇ ಅವರ ದವಾಖಾನೆ. ಬೆಂಚಿನ ಮೇಲೆ ಐವತ್ತರ ಆಚೀಚಿನ ಒಬ್ಬ ಗಂಡಸು, ಪಕ್ಕದಲ್ಲಿ ಒದ್ದೆ ಕೊಡೆ ಹಿಡಿದ ಅವರ ಹೆಂಡತಿ. ಚಿನ್ನದ ಕೆಲಸದ ಆಚಾರ್ಯರು. ಹೆಸರು ಕೇಳಿ ನಾನು ಬಲ್ಲೆ. ಅವರ ಕೈಯ ಮೂಗುಬೊಟ್ಟನ್ನು ಬಂಟ್ವಾಳದ ಹೆಂಗಸರೂ ಹೇಳಿ ಮಾಡಿಸುತ್ತಿದ್ದರು. ಡಾಕ್ಟರರಿಗೆ ತುಳು ಬಾರದು, ಆಚಾರ್ಯರಿಗೆ ಕನ್ನಡ ನಿಧಾನ. ಹಾಗಾಗಿ ಮೊದಲ ದಿನ ನಾನು ಅತ್ತಿಂದಿತ್ತ ಮಾತು ಸಾಗಿಸಿದೆ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲಿಯೇ ಬರೆಯುತ್ತಿದ್ದೇನೆ.

ಆಚಾರ್ಯರ ಮನೆತನದಲ್ಲಿ ಒಂದು ವ್ರತವಿತ್ತು. ಸೂರ್ಯನನ್ನು ಕಣ್ಣಾರೆ ಕಾಣದೆ ಅನ್ನ ಮುಟ್ಟಬಾರದು. ಅವರ ತಂದೆ ಹಾಗೆ, ಅಜ್ಜ ಹಾಗೆ. ಬೇಸಗೆಯಲ್ಲಿ ಇದು ಕಷ್ಟವೇ ಅಲ್ಲ. ಬೆಳಿಗ್ಗೆ ಎದ್ದು ಅಂಗಳದಲ್ಲಿ ಕೈಮುಗಿದರೆ ಮುಗಿಯಿತು. ಆಟಿಯಲ್ಲಿ ಮಾತ್ರ ಮೋಡ ಹರಿಯುವವರೆಗೆ ಉಪವಾಸ. ಆ ಸಲ ಮೋಡ ಮೊದಲ ದಿನ ಹರಿಯಲಿಲ್ಲ, ಮರುದಿನವೂ ಇಲ್ಲ. ಅದರ ಮಾರನೆಯ ಮಧ್ಯಾಹ್ನ ಆಕಾಶ ಸ್ವಲ್ಪ ತೆಳ್ಳಗಾಗಿ, ಮೋಡದ ಹಿಂದೆ ತೊಳೆದ ಬೆಳ್ಳಿಯ ಬಿಲ್ಲೆಯಂಥದ್ದು ಕಾಣಿಸಿತು. ಅದು ಸೂರ್ಯನೋ, ಬರೀ ಮೋಡದ ಬಿಳುಪೋ? ಸುಮ್ಮನೆ ಕಂಡೆ ಎಂದುಕೊಂಡು ಉಂಡರೆ ವ್ರತಭಂಗ. ಖಚಿತ ಮಾಡಿಕೊಳ್ಳಲು ಅವರು ರೆಪ್ಪೆ ಬಡಿಯದೆ ನೋಡಿದರು. ತೆಳು ಮೋಡದ ಸೂರ್ಯ ಕಣ್ಣಿಗೆ ಚುಚ್ಚುವುದಿಲ್ಲ. ಹಸಿದ ಮನುಷ್ಯ, ಸಮಾಧಾನದಿಂದ ನೋಡುತ್ತಲೇ ನಿಂತರು.

ಸಂಜೆ ಕೆಲಸಕ್ಕೆ ಕೂತಾಗ ಮೂಗುಬೊಟ್ಟಿನಲ್ಲಿ ಹರಳು ಇರಬೇಕಾದಲ್ಲಿ ಹರಳಿಲ್ಲ. ಬೆರಳು ಕಾಣುತ್ತದೆ, ಚಿಮಟ ಕಾಣುತ್ತದೆ, ನೋಡಬೇಕೆಂದು ದೃಷ್ಟಿ ನೆಟ್ಟ ಜಾಗ ಮಾತ್ರ ಮಂಕು. ಅದು ಬಲಗಣ್ಣು, ಅವರ ಕೆಲಸದ ಕಣ್ಣು.

"ಆಮೇಲೆ ಇವರು ಏನು ಮಾಡಿದ್ರು ಅಂತ ಕೇಳಿ" ಎಂದು ಡಾಕ್ಟರರು ನನಗೆ ಹೇಳಿದರು. ಹೆಂಡತಿಯೇ ಹೇಳಿದರು.

"ಸೂರ್ಯನಿಗೆ ಸಿಟ್ಟು ಬಂದದ್ದಂತೆ. ನೀನು ಹೌದಾ ಅಲ್ವಾ ಅಂತ ಇವರು ಪರೀಕ್ಷೆ ಮಾಡಿದ್ರಲ್ಲ, ಅದಕ್ಕೆ. ಈಗ ಒಂದು ಮಂಡಲ ದಿನಾ ಮಧ್ಯಾಹ್ನ ಅಂಗಳದಲ್ಲಿ ನಿಂತು ನೋಡ್ತಾರೆ. ಅವನೇ ಕೊಟ್ಟದ್ದು, ಅವನೇ ತೆಗೀಬೇಕು ಅಂತ."

"ನಿನಗೆ ಗೊತ್ತಾಗ್ಲಿಕ್ಕಿಲ್ಲ" ಎಂದರು ಆಚಾರ್ಯರು.

"ನನಗೆ ಗೊತ್ತಾಗುದು ಬೇಡ. ನಿಮಗೆ ಕಣ್ಣು ಕಂಡ್ರೆ ಸಾಕು."

ಡಾಕ್ಟರರು ನನ್ನನ್ನು ಬದಿಗೆ ಕರೆದು ವಿಷಯ ಬಿಡಿಸಿ ಹೇಳಿದರು. ಇದಕ್ಕೆ ಔಷಧ ಇಲ್ಲ. ಸೂರ್ಯನ ಕಡೆ ನೋಡುವುದನ್ನು ಬಿಟ್ಟರೆ ಕೆಲವು ತಿಂಗಳಲ್ಲಿ ಮುಕ್ಕಾಲು ಪಾಲು ತಾನಾಗಿ ಸರಿಯಾಗುತ್ತದೆ. ಹೀಗೆ ನೋಡುತ್ತಾ ಹೋದರೆ ಕಣ್ಣಿನ ನಡುಭಾಗ ಕಾಯಂ ಸತ್ತುಹೋಗುತ್ತದೆ, ಎಡಗಣ್ಣನ್ನೂ ಜೊತೆಗೆ ಕರೆದುಕೊಂಡು. ಅವರು ಪುಸ್ತಕದ ಚಿತ್ರ ತೋರಿಸಿ ಹೇಳಿ ನೋಡಿದ್ದರು. ಆಚಾರ್ಯರು ಪುಟವನ್ನು ಓರೆಯಾಗಿ ನೋಡಿ, "ಇದು ಯಾರೋ ಬಿಳಿಯರ ಕಣ್ಣು. ಅವರಿಗೆ ನಮ್ಮ ಸೂರ್ಯ ಆಗ್ಲಿಕ್ಕಿಲ್ಲ" ಎಂದು ಪುಸ್ತಕ ಮುಚ್ಚಿದ್ದರಂತೆ. ಇಂಥ ಫೋಟೋ ತೆಗೆಯುವ ಯಂತ್ರ ಮದ್ರಾಸಿನಂಥ ಊರಿನ ದೊಡ್ಡ ಆಸ್ಪತ್ರೆಗಳಲ್ಲಿ ಉಂಟು. ಅಲ್ಲಿಗೆ ಅವರು ಹೋಗುವುದಿಲ್ಲ. ಮಂಡಲ ಮುಗಿಯದೆ ಊರು ಬಿಡುವ ಹಾಗಿಲ್ಲ.

"ಅವರದೇ ಕಣ್ಣು ಅವರಿಗೆ ತೋರಿಸಬೇಕು. ಅಷ್ಟೇ ದಾರಿ ಉಳಿದಿರೋದು" ಎಂದರು.

ಆಚಾರ್ಯರ ಕಣ್ಣಿಗೆ ಮದ್ದು ಬಿಟ್ಟು ಪಾಪೆ ಅರಳುವವರೆಗೆ ಕಾದೆವು. ಆಮೇಲೆ ಡಾಕ್ಟರರು ತಮ್ಮ ಕೈಯ ದೀಪದ ಉಪಕರಣವನ್ನು ನನ್ನ ಕಣ್ಣಿಗೆ ಹಿಡಿಸಿ, ನನ್ನ ತಲೆಯನ್ನು ಆಚಾರ್ಯರ ಮುಖದ ಹತ್ತಿರಕ್ಕೆ, ಇನ್ನೂ ಹತ್ತಿರಕ್ಕೆ, ಒಬ್ಬರ ಉಸಿರು ಒಬ್ಬರಿಗೆ ತಾಗುವಷ್ಟು ಹತ್ತಿರಕ್ಕೆ ತಳ್ಳಿದರು. ಮೊದಲು ಕೆಂಪು ಮಬ್ಬು. ನಂತರ ಒಮ್ಮೆಗೇ ಸ್ಪಷ್ಟವಾಯಿತು.

ಅದನ್ನು ಹೇಗೆ ಹೇಳುವುದೆಂದು ಇವತ್ತಿಗೂ ನನಗೆ ಸರಿಯಾಗಿ ಗೊತ್ತಿಲ್ಲ. ಒಂದು ಕಿತ್ತಳೆಗೆಂಪಿನ ಲೋಕ. ಒಂದು ಬದಿಯಲ್ಲಿ ಹಾಲು ಬಣ್ಣದ ದುಂಡನೆಯ ಬಟ್ಟಲು, ಅದರ ನಡುವಿನಿಂದ ಹೊರಟು ಕವಲೊಡೆದು ಹರಡಿದ ರಕ್ತನಾಳಗಳು. ಅವುಗಳಲ್ಲಿ ಒಂದು ಮೆಲ್ಲಗೆ ಮಿಡಿಯುತ್ತಿತ್ತು. ಮನುಷ್ಯನ ಮುಖವನ್ನು ಅಷ್ಟು ವರ್ಷ ನೋಡಿದವನು ನಾನು. ಆ ಮುಖದ ಎರಡು ಸಣ್ಣ ಕಂಡಿಗಳ ಹಿಂದೆ ಇಂಥದ್ದು ಹಗಲೂ ರಾತ್ರಿ ಬೆಚ್ಚಗೆ ಕೂತಿರುತ್ತದೆ ಎಂದು ಕನಸಿನಲ್ಲಿಯೂ ಎಣಿಸಿರಲಿಲ್ಲ. ಬಟ್ಟಲಿನಿಂದ ಸ್ವಲ್ಪ ದೂರದಲ್ಲಿ ಗೋಡೆ ಗಾಢವಾಗಿತ್ತು. ಆ ಗಾಢದ ನಡುಮಧ್ಯೆ ಸೂಜಿಮೊನೆಯಷ್ಟು ಹಳದಿ ಚುಕ್ಕೆ.

"ಕಂಡಿತಾ?" ಎಂದರು ಡಾಕ್ಟರರು. "ಅದು ಸೂರ್ಯನ ಚಿತ್ರ. ನಿಮ್ಮ ಕ್ಯಾಮೆರಾದ ಲೆನ್ಸ್ ಫಿಲ್ಮಿನ ಮೇಲೆ ಚಿತ್ರ ಮಾಡುತ್ತಲ್ಲ, ಹಾಗೇನೇ. ಇಲ್ಲಿ ಫಿಲ್ಮ್ ಬದಲಾಯಿಸೋಕಾಗಲ್ಲ."

ನಾನು ತಲೆ ಹಿಂದೆ ತೆಗೆದೆ. ಆಚಾರ್ಯರು ಕಣ್ಣೀರು ಒರೆಸಿಕೊಂಡು, "ಎಂಥ ಕಂಡಿತು ಫೋಟೋದವರೇ?" ಎಂದು ಕೇಳಿದರು. "ತೆಗೆದು ತೋರಿಸ್ತೇನೆ" ಎಂದೆ. "ನನ್ನದೇ ಅಂತ ನನಗೆ ಖಾತ್ರಿ ಆಗಬೇಕು" ಎಂದರು ಅವರು. "ಬೆಸುಗೆ ಹಾಕಿದ್ದು, ತೇಪೆ ಹಾಕಿದ್ದು ನನಗೆ ಕೂಡಲೇ ಗೊತ್ತಾಗ್ತದೆ."

ಆ ಆಟಿಯಲ್ಲಿ ನಾನು ಹುಟ್ಟಿದ ಮೇಲೆ ಮೊದಲ ಸಲ, ಮಳೆ ಬಿಡದಿರಲಿ ಎಂದು ಹಾರೈಸಿದೆ. ಬಿಸಿಲಿಲ್ಲದಿದ್ದರೆ ನನ್ನ ಸ್ಟುಡಿಯೋಕ್ಕೆ ಕಷ್ಟ. ಬಿಸಿಲು ಬಂದರೆ ಆಚಾರ್ಯರು ಅಂಗಳಕ್ಕೆ ಇಳಿಯುತ್ತಾರೆ.

ಹೊಂದಿಕೆ ಹೀಗೆ ಮಾಡಿದೆ. ಡಾಕ್ಟರರ ಹತ್ತಿರ ಒಂದು ಉಬ್ಬು ಲೆನ್ಸಿತ್ತು. ಅದನ್ನು ಕಣ್ಣಿನ ಮುಂದೆ ಗೇಣಿಗಿಂತ ಕಡಿಮೆ ದೂರದಲ್ಲಿ ನಿಲ್ಲಿಸಿದರೆ, ಕಣ್ಣಿನ ಒಳಗೋಡೆಯ ಚಿತ್ರ ಲೆನ್ಸಿನ ಈಚೆ, ಗಾಳಿಯಲ್ಲಿ ತಲೆಕೆಳಗಾಗಿ ಬಂದು ನಿಲ್ಲುತ್ತದೆ. ಪರದೆ ಇಲ್ಲ, ಗಾಜಿಲ್ಲ, ಬರೀ ಗಾಳಿಯಲ್ಲಿ. ಆ ತೇಲುವ ಚಿತ್ರಕ್ಕೆ ನನ್ನ ಮರದ ಕ್ಯಾಮೆರಾದ ಫೋಕಸ್ ಕೂಡಿಸಬೇಕು. ಕತ್ತಲೆಯಿದ್ದ ಕಣ್ಣಿನೊಳಗೆ ಬೆಳಕು ಹೋಗಬೇಕಾದದ್ದೂ, ಚಿತ್ರ ಹೊರಗೆ ಬರಬೇಕಾದದ್ದೂ ಒಂದೇ ಪಾಪೆಯ ಕಂಡಿಯಿಂದ. ಕಷ್ಟವೆಲ್ಲ ಅಲ್ಲಿಯೇ ಇತ್ತು.

ಬಡಗಿಯಿಂದ ಹಲಸಿನ ಮರದ ಒಂದು ಚೌಕಟ್ಟು ಮಾಡಿಸಿದೆ: ಗಲ್ಲ ಇಡಲು ಒಂದು ಪಟ್ಟಿ, ಹಣೆ ಒತ್ತಲು ಒಂದು. ಪರೀಕ್ಷೆಗೆ ಡಾಕ್ಟರರ ಕಣ್ಣೇ ಮೊದಲು. ಅವರು ತಮಗೇ ಮದ್ದು ಬಿಟ್ಟುಕೊಂಡು ಚೌಕಟ್ಟಿನಲ್ಲಿ ಗಲ್ಲವಿಟ್ಟರು. ಕ್ಯಾಮೆರಾದ ಮುಂದೆ ಓರೆಯಾಗಿ ಒಂದು ಗಾಜು ನಿಲ್ಲಿಸಿ, ಬದಿಯಿಂದ ಫ್ಲಾಶ್ ಬಲ್ಬಿನ ಬೆಳಕು ಅದಕ್ಕೆ ಬಡಿದು ಕಣ್ಣಿಗೆ ಹೋಗುವ ಹಾಗೆ ಮಾಡಿದೆ. ಹೊಡೆದೆ. ತೊಳೆದು ನೋಡಿದರೆ ನಡುವೆ ಒಂದು ದೊಡ್ಡ ಹೊಳಪಿನ ಗುಪ್ಪೆ, ಸುತ್ತ ಏನೂ ಇಲ್ಲ. ಕಣ್ಣಿನ ಹೊರಮೈಯೇ ಕನ್ನಡಿಯಂತೆ ನನ್ನ ಬೆಳಕನ್ನು ನನಗೆ ವಾಪಸು ಕೊಟ್ಟಿತ್ತು. ಆವತ್ತು ಡಾಕ್ಟರರಿಗೆ ಸಂಜೆಯವರೆಗೆ ಅಕ್ಷರ ಕಾಣಲಿಲ್ಲ. ಬಂದ ರೋಗಿಗಳಿಗೆ, "ಇವತ್ತು ನಾನೇ ರೋಗಿ, ನಾಳೆ ಬನ್ನಿ" ಎಂದು ಹೇಳಿ ಕಳಿಸುತ್ತಾ ನನ್ನ ಸ್ಟುಡಿಯೋದ ಸೋಫಾದ ಮೇಲೆ ಕಣ್ಣಿಗೆ ಕರವಸ್ತ್ರ ಹೊದ್ದು ಮಲಗಿದ್ದರು.

ಆ ಗುಪ್ಪೆಯನ್ನು ಓಡಿಸಲು ದಾರಿ ಹುಡುಕಿದೆ. ಬೆಳಕು ಪಾಪೆಯ ಕೆಳಭಾಗದಿಂದ ಒಳಗೆ ಹೋಗಲಿ, ಚಿತ್ರ ಮೇಲ್ಭಾಗದಿಂದ ಹೊರಗೆ ಬರಲಿ, ಎರಡೂ ಎದುರಾಬದುರು ಸಿಗದಿರಲಿ ಎಂದು ಲೆಕ್ಕ ಹಾಕಿದೆ. ಅಡ್ಡ ಗಾಜು ತೆಗೆದು, ಕ್ಯಾಮೆರಾದ ಲೆನ್ಸಿನ ಕೆಳಗಿನ ಅಂಚಿನಲ್ಲಿ ಕಿರುಬೆರಳಿನ ಉಗುರಿನಷ್ಟು ಕನ್ನಡಿ ಚೂರು ಕೂಡಿಸಿದೆ. ಉಬ್ಬು ಲೆನ್ಸನ್ನು ಸ್ವಲ್ಪ ಓರೆ ಮಾಡಿದೆ. ಗುಪ್ಪೆ ಸರಿದು ಅಂಚಿಗೆ ಹೋಯಿತು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಅದೇ ವಾರ ಆಚಾರ್ಯರನ್ನು ಬಂಟ್ವಾಳಕ್ಕೆ ಕರೆಸಿದೆ.

ಅವರು ಹೆಂಡತಿಯೊಂದಿಗೆ ಬಂದರು. ಮೆಟ್ಟಿಲು ಹತ್ತುವಾಗ ಪ್ರತಿ ಮೆಟ್ಟಿಲಿನ ಪಕ್ಕಕ್ಕೆ ನೋಡಿ ಕಾಲಿಡುತ್ತಿದ್ದರು. ಹೆಂಡತಿ ನನ್ನ ಬಳಿ ತಗ್ಗಿದ ದನಿಯಲ್ಲಿ, "ನಿನ್ನೆ ಬಿಸಿಲು ಬಂದಿತ್ತು. ನೋಡಿದ್ರು. ಈಗ ಎಡದ ಕಣ್ಣಿನಲ್ಲೂ ಏನೋ ಉಂಟಂತೆ" ಎಂದರು.

ಆವತ್ತಿನ ಕೆಲಸ ಕೆಟ್ಟಿತು. ಫೋಕಸು ನೋಡಿ, ಫಿಲ್ಮಿನ ಪೆಟ್ಟಿಗೆ ತೂರಿಸುವಷ್ಟರಲ್ಲಿ ಅವರ ಕಣ್ಣು ಅಲೆದಾಡಿಬಿಡುತ್ತಿತ್ತು. ನೋಡುವ ಜಾಗವೇ ಸತ್ತ ಕಣ್ಣಿಗೆ ಒಂದೆಡೆ ನಿಲ್ಲು ಎಂದರೆ ಎಲ್ಲಿ ನಿಲ್ಲುತ್ತದೆ? ಫ್ಲಾಶ್ ಬಲ್ಬಿನ ಬೆಳಕು ಅರಳಿ ಮುಗಿಯುವುದರೊಳಗೆ ರೆಪ್ಪೆ ಅದುರುತ್ತಿತ್ತು. ಡಾಕ್ಟರರು ಸ್ವಲ್ಪ ಹೊತ್ತಿನ ನಂತರ ಕೈ ಅಡ್ಡ ಹಿಡಿದರು. ಸುಟ್ಟ ಕಣ್ಣಿಗೆ ಇನ್ನು ಇವತ್ತು ಬೆಳಕು ಬೇಡ ಎಂದರು.

ತೊಳೆದ ನೆಗೆಟಿವುಗಳಲ್ಲಿ ಒಂದರಲ್ಲಿ ಮಾತ್ರ ಏನೋ ಇತ್ತು. ಬಟ್ಟಲಿನ ಅಂಚು, ಎರಡು ಮೂರು ನಾಳ. ಚುಕ್ಕೆ ಇರಬೇಕಾದಲ್ಲಿ ಫಿಲ್ಮು ಬರೀ ಖಾಲಿ. ಮೇಲಿಂದ ಜೋಡಿ ಜೋಡಿಯಾಗಿ ಭೂತದಂಥ ನೆರಳುಬೆಳಕು. ಖಾಲಿ ಯಾಕೆಂದು ನನಗೆ ತಡವಾಗಿ ಹೊಳೆಯಿತು. ನಾನು ಹಾಕಿದ್ದು ಆರ್ಥೋ ಫಿಲ್ಮು. ಸ್ಟುಡಿಯೋದಲ್ಲಿ ಅದೇ ನಮಗೆ ಅಭ್ಯಾಸ. ಕೆಂಪು ದೀಪದಲ್ಲಿ ಕಣ್ಣಾರೆ ನೋಡುತ್ತಾ ತೊಳೆಯಬಹುದು, ಯಾಕೆಂದರೆ ಆ ಫಿಲ್ಮಿಗೆ ಕೆಂಪು ಕಾಣುವುದೇ ಇಲ್ಲ. ಕೆಂಪೇ ಕೆಂಪಾದ ಲೋಕವನ್ನು ಕೆಂಪು ಕಾಣದ ಫಿಲ್ಮಿಗೆ ನಾನು ತೋರಿಸುತ್ತಿದ್ದೆ.

ಜೋಡಿ ನೆರಳು ಕನ್ನಡಿ ಚೂರಿನದ್ದು. ಗಾಜಿನ ಮುಂಭಾಗ ಒಂದು ಬೆಳಕು ಕೊಡುತ್ತದೆ, ಹಿಂದೆ ಬಳಿದ ಪಾದರಸದ ಲೇಪ ಇನ್ನೊಂದು. ಇದನ್ನು ಆಚಾರ್ಯರಿಗೆ ವಿವರಿಸುತ್ತಾ, "ಒಂದೇ ಮುಖದ ಕನ್ನಡಿ ಬೇಕು, ಎಲ್ಲಿ ಸಿಗ್ತದೋ" ಎಂದೆ.

"ಬೆಳ್ಳಿಗೆ ಒಂದೇ ಮುಖ" ಎಂದರು ಅವರು.

"ಹಾಗಾದ್ರೆ ನೀವೇ ಮಾಡಿ ಕೊಡಿ."

"ಕಣ್ಣು ಕಾಣದವನಿಗೆ ಕೆಲಸ ಕೊಡ್ತೀರಾ?"

"ಕಣ್ಣಿಗೆ ಯಾರು ಕೊಟ್ಟರು? ಬೆರಳಿಗೆ ಕೊಡ್ತೇನೆ."

ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಳತೆ ಕೇಳಿದರು. ಕನ್ನಡಿ ಚೂರನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ, ಅಷ್ಟೇ ಸಾಕು ಎಂದು ವಾಪಸು ಕೊಟ್ಟರು.

ಅವರು ಹೋದ ಮೇಲೆ ನಾನು ಆ ಒಂದು ನೆಗೆಟಿವನ್ನು ಕಿಟಕಿಗೆ ಹಿಡಿದು ಕೂತೆ. ಪೆನ್ಸಿಲು ಪಕ್ಕದಲ್ಲಿಯೇ ಇತ್ತು. ಮದುಮಗನ ಮೂಗನ್ನು ಸರಿ ಮಾಡಿದವನಿಗೆ ಒಂದು ಚುಕ್ಕೆ ಇಡುವುದು ಎಷ್ಟರ ಕೆಲಸ? ಜಾಗ ನನಗೆ ಗೊತ್ತಿತ್ತು, ಗಾತ್ರ ಗೊತ್ತಿತ್ತು, ನನ್ನ ಕಣ್ಣಿನಿಂದಲೇ ನೋಡಿದ್ದೆ. ಸುಳ್ಳನ್ನೇನೂ ಬರೆಯುತ್ತಿರಲಿಲ್ಲ. ಒಬ್ಬ ಮನುಷ್ಯನ ದೃಷ್ಟಿ ಉಳಿಯುವುದಾದರೆ ತಪ್ಪೇನು? ಪೆನ್ಸಿಲು ಚೂಪು ಮಾಡಿಯೂ ಆಯಿತು. ಆದರೆ ಆ ಖಾಲಿ ಜಾಗವನ್ನು ನೋಡನೋಡುತ್ತಾ ನನಗೆ ಬೇರೆಯೇ ಒಂದು ಅಂಜಿಕೆ ಹುಟ್ಟಿತು. ಆ ಚುಕ್ಕೆ ಇಟ್ಟದ್ದು ಸೂರ್ಯ. ಇಷ್ಟು ದೂರದಿಂದ ಬಂದು ಒಂದು ಜಾಗದಲ್ಲಿ ತನ್ನ ಗುರುತು ಒತ್ತಿ ಹೋಗಿದ್ದಾನೆ. ಅದರ ಮೇಲೆ ನನ್ನ ಪೆನ್ಸಿಲು ಯಾಕೆ? ಮುಖಕ್ಕಾದರೆ ಸಂಕೋಚವಿಲ್ಲ. ಇದಕ್ಕೆ ಕೈ ಬರಲಿಲ್ಲ. ಎದ್ದು ಪೆನ್ಸಿಲನ್ನು ಮೇಜಿನೊಳಗೆ ಹಾಕಿದೆ.

ಉಳಿದದ್ದು ಒಂದೇ ದಾರಿ, ಅದು ನನಗೆ ಇಷ್ಟವಿಲ್ಲದ ದಾರಿ. ಬೆಳ್ತಂಗಡಿಯಲ್ಲಿ ಒಬ್ಬ ಫೋಟೋಗ್ರಾಫರರು ಇದ್ದರು. ಮದುವೆಗಳಿಗೆ ಹೆಗಲಿಗೆ ಬ್ಯಾಟರಿ ನೇತುಹಾಕುವ ಹೊಸ ಎಲೆಕ್ಟ್ರಾನಿಕ್ ಫ್ಲಾಶ್ ತರಿಸಿದ್ದರು. ಬಲ್ಬು ಸುಡುವುದಿಲ್ಲ, ಕಣ್ಣು ಮಿಟುಕುವುದಕ್ಕೆ ಮೊದಲೇ ಬೆಳಕು ಬಂದು ಹೋಗಿರುತ್ತದೆ. ಅದರಿಂದ ತೆಗೆದ ಫೋಟೋಗಳಲ್ಲಿ ಮದುಮಗಳು ಸುಣ್ಣ ಬಳಿದ ಗೋಡೆಯಂತೆ ಕಾಣುತ್ತಾಳೆ ಎಂದು ನಾನು ಲಾಯಿಲದಿಂದ ಉಜಿರೆಯವರೆಗೆ ಸಿಕ್ಕವರಿಗೆಲ್ಲ ಹೇಳಿದ್ದೆ. ಅದು ಅವರ ಕಿವಿಗೂ ಮುಟ್ಟಿತ್ತು.

ಬಸ್ಸು ಇಳಿದು ಅವರ ಅಂಗಡಿಗೆ ಹೋದೆ. ಅವರು ಕುರ್ಚಿ ತೋರಿಸಲಿಲ್ಲ.

"ಏನು ಬಂಟ್ವಾಳದವರು ಇತ್ತ? ಗೋಡೆಗೆ ಸುಣ್ಣ ಬಳಿಸಲಿಕ್ಕಾ?"

"ನಿಮ್ಮ ಫ್ಲಾಶ್ ಬೇಕಿತ್ತು. ಒಂದು ದಿನಕ್ಕೆ."

"ನಿಮಗೆ ಫ್ಲಾಶ್ ಯಾಕೆ ಮಾರಾಯ್ರೇ? ನೀವು ಬಿಸಿಲಿನ ಜನ. ಕಿಟಕಿಯ ಬೆಳಕಿಗೆ ಮಿಂಚು ಸಮ ಅಲ್ಲ ಅಂತ ಹೇಳಿದವರು."

"ಹೇಳಿದ್ದು ಹೌದು. ಈಗ ಮಿಂಚೇ ಬೇಕು."

ಕಾರಣ ಹೇಳಿದೆ. ಮೊದಲು ನಂಬಲಿಲ್ಲ. ಡಾಕ್ಟರರ ಉಪಕರಣದಲ್ಲಿ ನಾನು ಕಂಡದ್ದನ್ನು, ಮಿಡಿಯುವ ನಾಳವನ್ನು, ಹಳದಿ ಚುಕ್ಕೆಯನ್ನು ಹೇಳುತ್ತಾ ಹೋದ ಹಾಗೆ ಅವರ ಮುಖ ಬದಲಾಯಿತು. ಒಳಗೆ ಹೋಗಿ ಬ್ಯಾಟರಿಯ ಚೀಲ ತಂದರು. ಕೇಳದೆಯೇ ಒಂದು ಪೆಟ್ಟಿಗೆ ಪ್ಯಾನ್ ಫಿಲ್ಮನ್ನೂ ಅದರ ಮೇಲಿಟ್ಟರು. ಅದು ಕೆಂಪನ್ನೂ ಕಾಣುವ ಫಿಲ್ಮು.

"ಫ್ಲಾಶ್ ಕೊಡ್ಲಿಕ್ಕಿಲ್ಲ" ಎಂದರು. "ನಾನೇ ತರ್ತೇನೆ. ನನಗೂ ನೋಡಬೇಕು."

ಗೊತ್ತು ಮಾಡಿದ ದಿನ ನನ್ನ ಸ್ಟುಡಿಯೋದಲ್ಲಿ ಐದು ಜನ. ಆಚಾರ್ಯರು ವೀಳ್ಯದೆಲೆಯಲ್ಲಿ ಸುತ್ತಿದ ಬೆಳ್ಳಿಯ ತಗಡನ್ನು ನನ್ನ ಅಂಗೈಯಲ್ಲಿಟ್ಟರು. ಬೆರಳಿನ ಅಂದಾಜಿನಲ್ಲಿ ಉಜ್ಜಿದ್ದು. ಅದರಲ್ಲಿ ಕಿಟಕಿಯ ಸರಳುಗಳು ಒಂದೊಂದಾಗಿ, ಒಂಟಿಯಾಗಿ ಕಾಣುತ್ತಿದ್ದವು. ಜೋಡಿ ಇಲ್ಲ.

ಕಣ್ಣು ನಿಲ್ಲಿಸುವ ಉಪಾಯ ಮಾತ್ರ ಇನ್ನೂ ಸಿಕ್ಕಿರಲಿಲ್ಲ. ಬಲಗಣ್ಣಿಗೆ ಲೆನ್ಸು ಅಡ್ಡ ಇತ್ತು; ಎಡಗಣ್ಣು ಒಂದೆಡೆ ನಿಂತರೆ ಬಲಗಣ್ಣೂ ನಿಲ್ಲುತ್ತದೆ ಎಂದಿದ್ದರು ಡಾಕ್ಟರರು. ಬೆಳ್ತಂಗಡಿಯವರು ಟಾರ್ಚು ತೋರಿಸಿದರು, ನಾನು ಬೆರಳು ತೋರಿಸಿದೆ, ಆಚಾರ್ಯರ ಎಡಗಣ್ಣು ಹುಡುಕುತ್ತಲೇ ಇತ್ತು. ಅವರಿಗೂ ಬೇಸರ ಬಂತು. "ಒಲೆಯ ಮುಂದೆ ಕೂತರೆ ಇವರು ಕಲ್ಲು" ಎಂದು ಹೆಂಡತಿ ಗೊಣಗಿದರು. ನಾನು ಅವರ ಕಡೆ ತಿರುಗಿದೆ. ಬೆಸುಗೆ ಹಾಕುವಾಗ ಚಿನ್ನದವರು ಊದುಕೊಳವೆ ಬಾಯಲ್ಲಿ ಕಚ್ಚಿ, ಕೆನ್ನೆಯ ಗಾಳಿಯಿಂದ ಊದುತ್ತಾ ಮೂಗಿನಿಂದ ಉಸಿರೆಳೆಯುತ್ತಾ ಜ್ವಾಲೆಯನ್ನು ಒಂದೇ ಸಮ ನಿಲ್ಲಿಸುವುದನ್ನು ನಾನು ನೋಡಿದ್ದೆ. ಆಗ ಅವರ ತಲೆಯೂ ಕದಲುವುದಿಲ್ಲ, ಕಣ್ಣೂ ಕದಲುವುದಿಲ್ಲ.

ಊದುಕೊಳವೆ ಆಚಾರ್ಯರ ಚೀಲದಲ್ಲಿಯೇ ಇತ್ತು. ಕ್ಯಾಮೆರಾದ ಬದಿಯಲ್ಲಿ, ಎಡಗಣ್ಣಿಗೆ ಕಾಣುವ ಕಡೆ, ಒಂದು ಸಣ್ಣ ಎಣ್ಣೆಯ ದೀಪ ಹಚ್ಚಿದೆ. "ಊದುವುದು ಬೇಡ, ಊದಿದ ಹಾಗೆ ಮಾಡಿ. ಬತ್ತಿಯ ತುದಿಯಲ್ಲಿ ಬೆಸುಗೆ ಕಾಯ್ತಾ ಉಂಟು ಅಂತ ತಿಳ್ಕೊಳ್ಳಿ" ಎಂದೆ.

ಅವರು ಕೊಳವೆ ಕಚ್ಚಿದರು. ಬೆನ್ನು ನೇರವಾಯಿತು. ಎಡಗಣ್ಣಿನ ಮಂಕೂ ಅವರಿಗೆ ಅಡ್ಡಿಯಾಗಲಿಲ್ಲ. ಕಣ್ಣಿಗಿಂತ ಹಳೆಯ ಅಭ್ಯಾಸವೊಂದು ಆ ಮುಖವನ್ನು ಹಿಡಿದು ನಿಲ್ಲಿಸಿತು. ಬಲಗಣ್ಣು ಎಡಗಣ್ಣಿನ ಜೊತೆಗೆ ತಾನೂ ನಿಂತಿತು. ಫೋಕಸಿನ ಗಾಜಿನ ಮೇಲೆ ತಲೆಕೆಳಗಾಗಿ ಬಟ್ಟಲು, ನಾಳಗಳು, ಗಾಢವಾದ ನಡುಭಾಗ ಬಂದು ಕೂತವು. ನಾನು ಪೆಟ್ಟಿಗೆ ತೂರಿಸಿದೆ, ಫಿಲ್ಮಿನ ಮೇಲಿನ ಮುಚ್ಚಳ ಎಳೆದೆ. ಕೋಣೆಯಲ್ಲಿ ಯಾರೂ ಉಸಿರಾಡಲಿಲ್ಲ, ಆಚಾರ್ಯರೊಬ್ಬರೇ ಮೂಗಿನಿಂದ ಸದ್ದಿಲ್ಲದೆ ಎಳೆಯುತ್ತಿದ್ದರು. "ಹ್ಞೂಂ" ಎಂದೆ. ಬೆಳ್ತಂಗಡಿಯವರು ಒತ್ತಿದರು. ಬೆಳ್ಳಿಯ ತಗಡು ಒಮ್ಮೆ ಬೆಳಗಿ ಆರಿತು.

ಪ್ಯಾನ್ ಫಿಲ್ಮಿಗೆ ಕೆಂಪು ದೀಪವೂ ಆಗದು. ಗಾಢ ಕತ್ತಲೆಯಲ್ಲಿ, ಬೆರಳುಗಳಿಂದ, ಒಂದು ಹಾಡಿನಷ್ಟು ಹೊತ್ತು ಹೆಚ್ಚಾಗಿಯೇ ಡೆವಲಪರಿನಲ್ಲಿ ಅದ್ದಿದೆ. ಚಿತ್ರವನ್ನು ಕಾಯಂ ಮಾಡುವ ಹೈಪೋದಿಂದ ಎತ್ತಿ ಬೆಳಕಿಗೆ ಹಿಡಿದಾಗ ಮೊದಲು ಏನೂ ತಿಳಿಯಲಿಲ್ಲ. ನೆಗೆಟಿವಿನಲ್ಲಿ ಎಲ್ಲ ತಿರುವುಮುರುವು. ನಾಳಗಳು ಬೆಳ್ಳಗೆ, ಬಟ್ಟಲು ಕಪ್ಪು. ಬಟ್ಟಲಿನಾಚೆ ಒಂದು ತಿಳಿಯಾದ ಮಬ್ಬು, ಅದರ ನಡುವೆ ಒಂದು ಕಪ್ಪು ಕಣ. ಧೂಳಿರಬಹುದೆಂದು ಊದಿದೆ, ತೊಳೆದೆ. ಹೋಗಲಿಲ್ಲ. ಸೂರ್ಯ ಕಪ್ಪಗೆ ಕೂತಿದ್ದ.

ಬೆಳ್ತಂಗಡಿಯವರ ಕೈಗೆ ಕೊಟ್ಟೆ. ಅವರು ನೋಡಿದರು. "ಮಾರಾಯ್ರೇ" ಎಂದರು. ಡಾಕ್ಟರರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

ಆಚಾರ್ಯರಿಗೆ ಸಣ್ಣ ಚಿತ್ರ ಕಾಣುವುದಿಲ್ಲ. ನನ್ನಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಕಾಗದದ ಮೇಲೆ ಪ್ರಿಂಟು ಹಾಕಿದೆ. ತಟ್ಟೆಯ ನೀರಿನಲ್ಲಿ ಅದು ಮೂಡಿ ಬರುವುದನ್ನು ಈಗ ಕೆಂಪು ದೀಪದ ಕೆಳಗೆ ನೋಡಬಹುದಾಗಿತ್ತು. ಬಿಳಿ ಕಾಗದದಲ್ಲಿ ಮೊದಲು ನಾಳಗಳ ಬುಡ, ಆಮೇಲೆ ಕವಲು, ಕವಲಿನ ಕವಲು. ಎಲ್ಲ ಕಪ್ಪಾಗುತ್ತಾ ಬಂದರೂ ನಡುವಿನ ಒಂದು ಬಿಂದು ಮಾತ್ರ ಕಪ್ಪಾಗಲು ಒಪ್ಪಲಿಲ್ಲ. ಸಾವಿರಾರು ಮುಖಗಳು ಆ ತಟ್ಟೆಯಲ್ಲಿ ಎದ್ದು ಬಂದಿವೆ. ಗಡಿಯಾರ ನೋಡಲು ಮರೆತದ್ದು ಆವತ್ತು ಮಾತ್ರ.

ಒಣಗಿದ ಪ್ರಿಂಟನ್ನು ತೆಗೆದುಕೊಂಡು ಡಾಕ್ಟರರೂ ನಾನೂ ಮೂಡಬಿದಿರೆಗೆ ಹೋದೆವು. ಆವತ್ತು ಬೆಳಿಗ್ಗೆಯಿಂದ ಮೋಡ ಹರಿಯತೊಡಗಿತ್ತು. ಬಸ್ಸಿನಲ್ಲಿ ಡಾಕ್ಟರರು ಕಿಟಕಿಯಿಂದ ತಲೆ ಹೊರಹಾಕಿ ಆಕಾಶ ನೋಡುತ್ತಾ ಕೂತಿದ್ದರು. ಮಧ್ಯಾಹ್ನಕ್ಕೆ ಮೊದಲೇ ಮುಟ್ಟಿದೆವು. ಆಚಾರ್ಯರು ಚಾವಡಿಯಲ್ಲಿ ಕೂತು ಅಂಗಳದ ಕಡೆ ಮುಖ ಮಾಡಿದ್ದರು. ಆವತ್ತಿನ ಊಟ ಇನ್ನೂ ಆಗಿರಲಿಲ್ಲ.

ಪ್ರಿಂಟನ್ನು ಅವರ ತೊಡೆಯ ಮೇಲಿಟ್ಟೆ. ಅವರು ತಲೆ ಓರೆ ಮಾಡಿ, ಕಣ್ಣಂಚಿನಿಂದ ಒಂದೊಂದೇ ಭಾಗವನ್ನು ಕೂಡಿಸಿ ಕೂಡಿಸಿ ನೋಡಿದರು. ಬೆರಳನ್ನು ಒಂದು ನಾಳದ ಮೇಲೆ ಓಡಿಸಿದರು.

"ಇದು ನನ್ನದೇ?"

"ನಿಮ್ಮ ಬೆಳ್ಳಿಗೆ ಬಿದ್ದು ಒಳಗೆ ಹೋದ ಬೆಳಕೇ ಹೊರಗೆ ಬಂದು ಬರೆದದ್ದು. ನಾನು ಉಗುರು ಸಹ ತಾಗಿಸಲಿಲ್ಲ. ತೇಪೆ ಉಂಟಾ ನೋಡಿ."

ಅವರು ಕಾಗದವನ್ನು ಬೆಳಕಿಗೆ ಓರೆ ಹಿಡಿದು, ಮೈಮೇಲೆ ಹೆಬ್ಬೆರಳು ಸವರಿದರು. ಇಲ್ಲ ಎಂಬಂತೆ ತಲೆಯಾಡಿಸಿದರು. ಬೆರಳು ನಡುವಿನ ಚುಕ್ಕೆಗೆ ಬಂದು ನಿಂತಿತು. "ಮತ್ತೆ ಇದು?"

"ಅದೇ ಸೂರ್ಯ" ಎಂದರು ಡಾಕ್ಟರರು. ತಮ್ಮ ಮಾತು ಈಗಲಾದರೂ ನಾಟುತ್ತದೆ ಎಂದು ಮುಂದಕ್ಕೆ ಬಾಗಿದರು. "ನೀವು ನೋಡ್ತಾ ನಿಂತಾಗ ಅವನು ಬಿದ್ದ ಜಾಗ."

ಆಚಾರ್ಯರು ಪ್ರಿಂಟನ್ನು ತೊಡೆಯಿಂದೆತ್ತಿ ಮಣೆಯ ಮೇಲೆ ಇಟ್ಟು, ಅದಕ್ಕೆ ಕೈಮುಗಿದರು.

"ಒಳಗೆ ಬಂದು ಕೂತಿದ್ದಾನೆ" ಎಂದರು.

ಡಾಕ್ಟರರ ಮುಖ ಬಿಳಿಚಿತು. ಇಷ್ಟು ಕಷ್ಟಪಟ್ಟು ನಾವು ಅವರ ವ್ರತಕ್ಕೆ ಒಂದು ಪಟ ಮಾಡಿಕೊಟ್ಟ ಹಾಗಾಯಿತು. "ಆಚಾರ್ಯರೇ, ಅದು ಸುಟ್ಟ ಗಾಯ" ಎಂದು ಡಾಕ್ಟರರು ದನಿ ಏರಿಸಿದರು.

"ಸುಡದೆ ಅವನು ಎಲ್ಲಿಗೆ ಬಂದದ್ದುಂಟು ಡಾಕ್ಟ್ರೇ?"

ಅಷ್ಟರಲ್ಲಿ ಅಂಗಳ ಬೆಳಗಿತು. ಮೋಡ ಪೂರ್ತಿ ಸರಿದು, ಒದ್ದೆ ನೆಲ ಹೊಗೆಯಾಡತೊಡಗಿತು. ಆಚಾರ್ಯರು ಎರಡೂ ಕೈಯನ್ನು ಮಂಡಿಗೆ ಊರಿ ಏಳಲು ಹೊರಟರು.

ಅಡಿಗೆಮನೆಯ ಬಾಗಿಲಲ್ಲಿ ಅವರ ಹೆಂಡತಿ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಕೈಯಲ್ಲಿ ಸೌಟು.

"ಎಲ್ಲಿಗೆ?" ಎಂದರು.

"ಅಂಗಳಕ್ಕೆ."

"ಯಾರನ್ನು ನೋಡ್ಲಿಕ್ಕೆ?"

ಆಚಾರ್ಯರು ಗಲ್ಲವನ್ನು ಆಕಾಶದ ಕಡೆ ಎತ್ತಿ ತೋರಿಸಿದರು.

"ಒಳಗೆ ಬಂದು ಕೂತಿದ್ದಾನೆ ಅಂತ ಈಗ ನೀವೇ ಹೇಳಿದ್ದು. ನೆಂಟ ಚಾವಡಿಯಲ್ಲಿ ಕೂತ ಮೇಲೂ ಬಸ್ ಸ್ಟ್ಯಾಂಡಿಗೆ ಹೋಗಿ ಕಾಯುವವರು ಉಂಟಾ? ಅವನಿಗೆ ಎಂಥ ಅನ್ನಿಸ್ಲಿಕ್ಕಿಲ್ಲ?"

ಮಂಡಿಗೆ ಊರಿದ ಕೈ ಹಾಗೆಯೇ ಇತ್ತು. ಬಿಸಿಲು ಮೆಟ್ಟಿಲು ಹತ್ತಿ ಹೊಸ್ತಿಲಿಗೆ ಬಂತು. ಡಾಕ್ಟರರು ನನ್ನ ಕಡೆ ನೋಡಿದರು. ನಾನು ಸುಮ್ಮನಿರಿ ಎಂದು ಕಣ್ಣಿನಲ್ಲಿಯೇ ಹೇಳಿದೆ. ಆಚಾರ್ಯರು ಪ್ರಿಂಟಿನ ಕಡೆ ತಿರುಗಿ, ತಲೆ ಓರೆ ಮಾಡಿ, ಮತ್ತೆ ನೋಡಿದರು. ಆಮೇಲೆ ಕೈ ಸಡಿಲ ಬಿಟ್ಟು, ಬೆನ್ನನ್ನು ಕಂಬಕ್ಕೆ ಕೊಟ್ಟು, ಅಂಗಳಕ್ಕೆ ಪಕ್ಕೆ ಮಾಡಿ ಕೂತು, ಎರಡೂ ಕಣ್ಣು ಮುಚ್ಚಿಕೊಂಡರು.

ಮುಚ್ಚಿದ ರೆಪ್ಪೆಗಳ ಕೆಳಗೆ ಕಣ್ಣುಗುಡ್ಡೆ ಮೆಲ್ಲಗೆ ಚಲಿಸುವುದು ಕಾಣುತ್ತಿತ್ತು. ಏನನ್ನೋ ಹುಡುಕಿ, ಒಂದು ಕಡೆ ನಿಂತಿತು. ಊದುಕೊಳವೆ ಕಚ್ಚಿದಾಗ ನಿಂತ ಹಾಗೆ ಇಡೀ ಮುಖವೇ ನಿಂತಿತು.

"ಉಂಟು, ಕಂಡೆ" ಎಂದರು ಕಣ್ಣು ತೆರೆಯದೆ. "ಎಲೆ ಹಾಕು. ಇವರಿಬ್ಬರಿಗೂ ಹಾಕು."